ಬೆನ್ನ ಹಿಂದಿನ ಅಲೆ

ಮಳವಳ್ಳಿಯಲ್ಲಿ ನಾವು ವಾರಕ್ಕೊಮ್ಮೆ ಸೇರುತ್ತಿದ್ದೆವು. ಗಂಡನಿಂದಲೋ ಮನೆಯವರಿಂದಲೋ ಪೆಟ್ಟು ತಿಂದು ಹೊರಬಂದ ಹೆಂಗಸರು. ಮಾತಾಡಲು ಆದರೆ ಮಾತು, ಆಗದಿದ್ದರೆ ಸುಮ್ಮನೆ ಕೂರುವುದು. ಸಮುದ್ರಕ್ಕೆ ಹೋಗಿ ಸರ್ಫಿಂಗ್ ಕಲಿಯೋಣ, ಹಲಗೆಯ ಮೇಲೆ ಅಲೆ ಸವಾರಿ ಮಾಡಿದರೆ ಮೈಯಲ್ಲಿ ಕೂತ ಹೆದರಿಕೆ ಸಡಿಲವಾಗುತ್ತದೆ ಎಂದು ಗುಂಪು ನಡೆಸುತ್ತಿದ್ದ ಮೇಡಂ ಹೇಳಿದಾಗ ಯಾರೂ ನಂಬಲಿಲ್ಲ. ಮರ್ಯಾದಸ್ಥ ಹೆಂಗಸರು ಪ್ಯಾಂಟು ಹಾಕಿಕೊಂಡು ನೀರಿಗೆ ಬೀಳುತ್ತಾರಾ ಎಂದು ನನ್ನ ಅಣ್ಣ ಕೇಳಿದ. ನಾನು ಹೊಡೆತ ತಿನ್ನುತ್ತಿದ್ದ ವರ್ಷಗಳಲ್ಲಿ ಮರ್ಯಾದೆಯ ಮಾತು ಅವನ ಬಾಯಿಂದ ಬಂದಿರಲಿಲ್ಲ. ಅದಕ್ಕೇ ಹೊರಟೆ.

ಕಡಲ ತೀರದಲ್ಲಿ ಮೊದಲು ಮೊಣಕಾಲುದ್ದದ ನೀರಿಗೆ ಇಳಿಸಿದರು. ನಾವೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ, ದಡದ ಕಡೆ ಮುಖ ಮಾಡಿ, ಸೊಂಟ ಬಗ್ಗಿಸಿ ನಿಂತೆವು. ನಾಲೆಯಲ್ಲಿ ಬಟ್ಟೆ ಒಗೆಯುವವರು ನಿಲ್ಲುವುದೇ ಹಾಗೆ. ಒಗೆಯುವ ಕಲ್ಲು ದಡದಲ್ಲಿರುತ್ತದೆ, ನೀರು ತನ್ನ ಪಾಡಿಗೆ ಪಕ್ಕದಲ್ಲಿ ಹರಿಯುತ್ತದೆ. ಸಮುದ್ರ ಹಾಗಲ್ಲ. ಹಿಂದಿನಿಂದ ಬಂದ ಅಲೆ ಎಲ್ಲರನ್ನೂ ಒಟ್ಟಿಗೆ ಬೋರಲು ಬೀಳಿಸಿತು.

ಬಸರಾಳು ಕಡೆಯ ಅಕ್ಕ ಒಬ್ಬರು ಮರಳು ಉಗುಳುತ್ತಾ, "ಬಟ್ಟೆ ಒಗಿಯಾಕೆ ಬಂದಿಲ್ಲ ಕಣ್ರವ್ವಾ, ಅತ್ಲಾಗ್ ತಿರೀಕಳಿ" ಎಂದರು. ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ. ನನ್ನ ಗಂಡ ಹೊಡೆಯುತ್ತಿದ್ದದ್ದು ಯಾವಾಗಲೂ ಹಿಂದಿನಿಂದ, ನಾನು ಒಲೆಯ ಮುಂದೆಯೋ ಒಗೆಯುವ ಕಲ್ಲಿನ ಮುಂದೆಯೋ ಬಗ್ಗಿರುವಾಗ. ಹೆಜ್ಜೆ ಸದ್ದು ಕೇಳಿಸುತ್ತಿತ್ತು. ತಿರುಗುವಷ್ಟು ಹೊತ್ತು ಸಿಗುತ್ತಿರಲಿಲ್ಲ.

ಅಲೆಗೆ ಮುಖ ಕೊಟ್ಟು ನಿಲ್ಲುವುದಾಗಿದ್ದರೆ ನಿಲ್ಲುತ್ತಿದ್ದೆ. ಆದರೆ ಹಲಗೆಯ ಮೇಲೆ ದಡದತ್ತ ತಲೆ ಮಾಡಿ ಬೋರಲು ಮಲಗಬೇಕು, ಅಲೆ ಹಿಂದಿನಿಂದಲೇ ಬಂದು ಎತ್ತಬೇಕು. ಕಲಿಸುವ ಹುಡುಗಿ ಹಿಂದೆ ನಿಂತು ಸರಿಯಾದ ಗಳಿಗೆಗೆ ಹಲಗೆ ನೂಕುತ್ತಾಳೆ. ಮಲಗಿದಾಗೆಲ್ಲ ಅವಳ ಕೈ ಹಲಗೆಗೆ ತಾಗುವ ಮೊದಲೇ ನೀರಿಗೆ ಉರುಳಿಕೊಂಡೆ. ಇವತ್ತಿಗೆ ಸಾಕು, ದಡದಲ್ಲಿ ಕೂತಿರು ಎಂದರು ಮೇಡಂ. ಪ್ರೀತಿಯಿಂದಲೇ ಹೇಳಿದರು. ಆದರೆ ಈಗ ಕೂತರೆ ಜೀವಮಾನವಿಡೀ ಕೂತೇ ಇರುತ್ತೇನೆ ಅನ್ನಿಸಿತು.

"ನನ್ನ ಹಿಂದೆ ನಿಂತ್ಕಬ್ಯಾಡ ಕಣಮ್ಮ. ಪಕ್ಕದಲ್ಲಿರು. ಅಲೆ ಬಂದಾಗ ಕೂಗು, ಸಾಕು" ಎಂದು ಹುಡುಗಿಗೆ ಹೇಳಿದೆ.

ಹೊಸಬರಿಗೆ ನೂಕದೆ ಅಲೆ ಸಿಗುವುದಿಲ್ಲ ಎಂದಳು.

"ಸಿಗ್ದಿದ್ರೆ ಬುಡು. ಇನ್ನೊಂದು ಬತ್ತದೆ."

ಅವಳು ಪಕ್ಕಕ್ಕೆ ಬಂದಳು. ಎಷ್ಟು ಕೈ ಬಡಿದರೂ ಅಲೆಗಳು ನನ್ನನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದವು. ಪ್ರತಿಯೊಂದರ ಸದ್ದೂ ಬೆನ್ನ ಹತ್ತಿರ ಬಂದಾಗ ಹಲ್ಲು ಕಚ್ಚಿದೆ, ತಿರುಗಿ ನೋಡಲಿಲ್ಲ. ಕೊನೆಗೊಮ್ಮೆ ಅವಳು ಕೂಗಿದ ಕೂಡಲೇ ಹಲಗೆಯ ಹಿಂಭಾಗ ಮೇಲೆದ್ದಿತು. ಎರಡೂ ಅಂಚು ಹಿಡಿದುಕೊಂಡೆ. ಎದ್ದು ನಿಲ್ಲಲಿಲ್ಲ, ಮಂಡಿ ಕೂಡ ಊರಲಿಲ್ಲ. ಹೊಟ್ಟೆಯ ಮೇಲೆ ಮಲಗಿಯೇ ಮರಳಿನವರೆಗೂ ಬಂದೆ.

ಅಕ್ಕ ಬಂದು, ಸಾಕೇನವ್ವಾ ಎಂದು ಕೈ ಚಾಚಿದರು. ನಾನೇ ಎದ್ದೆ. ಹಲಗೆಯನ್ನು ತಿರುಗಿಸಿಕೊಂಡು ಮತ್ತೆ ನೀರಿನೊಳಕ್ಕೆ ನಡೆದೆ.