ಉಡಿ ಅಕ್ಕಿ ಮತ್ತು ಎರಡು ಸೀಟಿನ ವಿಮಾನ

ಎದುರು ಮನೆಯ ಕುರಿಗಾರರ ಮಗಳು ಮಿಲಿಟರಿಗೆ ಸೆಲೆಕ್ಟ್ ಆದಾಗ ಇಡೀ ತೆಲಿಗಿ ಊರಲ್ಲಿ ಅವಳಪ್ಪನಿಗಿಂತ ಹೆಚ್ಚು ಬೀಗಿದವಳು ನಾನು. ಇಂಗ್ಲಿಷ್ ಕಲಿಸಿದವಳಲ್ಲವೇ! ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನ ಬಾಯಿಗೆ ತುಂಬಿದ್ದನ್ನೆಲ್ಲ ಅವಳ ಬಾಯಿಗೆ ತುಂಬಿದ್ದೆ.

ಆ ವಾರವೇ ಸುದ್ದಿ ಬಂತು. ಬಳ್ಳಾರಿ ಕಡೆಯ ಒಂದು ಏರ್‌ಸ್ಟ್ರಿಪ್‌ನಲ್ಲಿ, ಸೇನೆಗೆ ಸೇರುವ ಮಕ್ಕಳನ್ನು ಕಡಿಮೆ ದರಕ್ಕೆ ಎರಡು ಸೀಟಿನ ಪುಟ್ಟ ವಿಮಾನ ಹತ್ತಿಸುತ್ತಾರಂತೆ. ಮೇಲೆ ಹೋದಾಗ ಸ್ವಲ್ಪ ಹೊತ್ತು ಕಂಟ್ರೋಲನ್ನೂ ಅವರ ಕೈಗೇ ಕೊಡುತ್ತಾರಂತೆ.

"ಒಂದ್ ಮರಿ ಮಾರಿದ್ರ ಮುಗೀತು, ನಡೀರಿ" ಎಂದ ಅವಳಪ್ಪ.

ಅವಳು, ಅವಳಪ್ಪ, ಅವ್ವ, ನಾನು, ಕೊಟ್ಟೂರು, ಕೂಡ್ಲಿಗಿ ದಾಟಿ ನಾಲ್ವರೂ ಹೋದೆವು. ಸೋಮವಾರ ಟ್ರೇನಿಂಗಿಗೆ ಹೊರಡುವವಳು. ಇವತ್ತು ಬಿಟ್ಟರೆ ಚಾನ್ಸಿಲ್ಲ. ಅವಳ ಸರದಿ ಬಂದಾಗ ಅವ್ವ ಸುಮ್ಮನಿರಬೇಕಲ್ಲ! ಮಗಳು ದೂರ ಹೊರಟರೆ ಉಡಿ ತುಂಬದೆ ಕಳಿಸುವವರಲ್ಲ ನಮ್ಮ ಕಡೆಯವರು. ಟ್ರ್ಯಾಕ್ ಪ್ಯಾಂಟಿನ ಮೇಲೆ ದುಪಟ್ಟಾ ಕಟ್ಟಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಸುರಿದೇಬಿಟ್ಟಳು.

ಪೈಲಟ್ ಅಡ್ಡಡ್ಡ ತಲೆಯಾಡಿಸಿದ. "ಲೂಸ್ ಐಟಮ್ ಒಳಗೆ ಬಿಡಲ್ಲ, ಅಮ್ಮ. ಒಂದು ಕಾಳು ಸಿಕ್ಕಿಕೊಂಡ್ರೂ ಡೇಂಜರ್. ತೆಗೆದಿಡಿ, ಇಲ್ಲಾಂದ್ರೆ ಮುಂದಿನವರನ್ನ ಕರೀತೀನಿ."

"ಉಡಿ ನೆಲಕ್ಕ ಇಡಂಗಿಲ್ರಿ. ಆಕಿ ಹೋಗೋದ ಬ್ಯಾಡ" ಎಂದಳು ಅವ್ವ.

"ಯವ್ವಾ, ಮಿಲಿಟರ್ಯಾಗ ದಿನಾ ಉಡಿ ತುಂಬಿ ಬಂದೂಕು ಕೊಡ್ತಾರೇನ?" ಹುಡುಗಿ ನಗಲು ನೋಡಿದಳು, ಕಣ್ಣು ತುಂಬಿತ್ತು.

ಉಡಿಯಿಂದ ಉಡಿಗೆ ಮಾತ್ರ ಹಾಕಬಹುದು. ಆದರೆ ತುಂಬಿದ ಅವ್ವನೇ ವಾಪಸ್ಸು ತಗೊಳ್ಳುವಂತಿಲ್ಲ. ಅಲ್ಲಿದ್ದ ಇನ್ನೊಬ್ಬ ಹೆಂಗಸು ನಾನೊಬ್ಬಳೇ. ನಮ್ಮ ಯಜಮಾನರು ತೀರಿಹೋದಮೇಲೆ ನನ್ನ ಸೆರಗಿಗೆ ಯಾರೂ ಒಂದು ಕಾಳು ಹಾಕಿಲ್ಲ. ನಾನು ಹಿಂದೆ ಸರಿದೆ.

"ಟೀಚರಮ್ಮಾ, ಸೆರಗು ಒಡ್ಡ್ರಿ" ಎಂದಳು ಅವಳವ್ವ.

"ನಾನಾ? ನಿನಗ ಗೊತ್ತೈತಲ್ಲವ್ವ..."

"ಎಲ್ಲಾ ಗೊತ್ತೈತ್ರಿ. ಇಕಿನ್ನ ಇಲ್ಲಿತನ ತಂದವ್ರು ಯಾರು? ಒಡ್ಡ್ರಿ, ಆ ಅಣ್ಣ ಸಿಟ್ಟಾಗ್ಯಾನ."

ಒಡ್ಡಿದೆ. ಅಕ್ಕಿಯ ಭಾರ ಎಷ್ಟೋ ವರ್ಷಗಳ ನಂತರ ಮಡಿಲಿಗೆ ಬಿತ್ತು.

ವಿಮಾನ ಹೊಲದ ಮೇಲೆ ವಾಲಿ, ನೇರವಾಗಿ, ದೊಡ್ಡದೊಂದು ಸುತ್ತು ಹಾಕಿತು. ನಾನು ಸ್ಕೂಲ್ ಅಸೆಂಬ್ಲಿಯಲ್ಲಿ ನಿಂತಂತೆ ಅಟೆನ್ಷನ್‌ನಲ್ಲಿ ನಿಂತಿದ್ದೆ, ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದು.

ಇಳಿದವಳೇ ಓಡಿ ಬಂದಳು. "ನಾನ ನಡೆಸ್ದೆ, ಯಪ್ಪಾ!"

"ಕುರಿ ಕಂಡ್ವೇನಲೇ?"

"ಎಲ್ಲಾ ಕರೇ ಚುಕ್ಕಿ. ಕುರಿ ಯಾವು, ಆಡು ಯಾವು ಅಂತ ಗುರ್ತ ಹತ್ತಲಿಲ್ಲ." ನನ್ನ ಕಡೆ ತಿರುಗಿ ಸೆಲ್ಯೂಟ್ ಹೊಡೆದಳು. "ಮಿಸ್, ಐ ಫ್ಲೂ ಇಟ್!" ವ್ಯಾಕರಣ ತಪ್ಪಿರಲಿಲ್ಲ. ಕರೆಕ್ಟ್ ಮಾಡಲು ನನಗೇನೂ ಉಳಿಸಿರಲಿಲ್ಲ.

ಉಡಿಯನ್ನು ಅವಳ ದುಪಟ್ಟಾಕ್ಕೆ ಸುರಿಯುತ್ತಿದ್ದೆ. ಕೊನೆಯ ಹಿಡಿ ಉಳಿದಾಗ ಅವಳವ್ವ ನನ್ನ ಕೈ ತಡೆದಳು. "ಪೂರಾ ಬರಿದು ಮಾಡಬಾರ್ದ್ರಿ. ಅದು ನಿಮ್ದು."

ಮನೆಗೆ ಬಂದು ಆ ಹಿಡಿ ಅಕ್ಕಿಯ ಪಾಯಸ ಮಾಡಿದೆ. ಎರಡು ಸಲ ಬಡಿಸಿಕೊಂಡೆ.