ಅರವತ್ತಮೂರು ಹಲ್ಲಿನ ಗೇರು

ನಮ್ಮ ಉಸ್ತಾದರಿಗೆ ಒಂದು ಹಟವಿತ್ತು. ಬೇರೆ ಅಂಗಡಿಯಲ್ಲಿ ಮಾಡಿಸಿದ ಸ್ಕ್ರೂ ತಂದು, ಇದಕ್ಕೊಂದು ನಟ್ಟು ಮಾಡಿಕೊಡಿ ಎಂದರೆ ಮುಟ್ಟುತ್ತಿರಲಿಲ್ಲ. "ಸ್ಕ್ರೂ ಯಾರು ಮಾಡುದ್ರೋ ಅವ್ರತ್ರಾನೇ ಓಗಪ್ಪ" ಎಂದು ಹೇಳಿ ಲೇತಿನ ಕಡೆ ತಿರುಗಿಬಿಡುತ್ತಿದ್ದರು. ಮಾಡಿದರೆ ಸ್ಕ್ರೂ, ನಟ್ಟು ಎರಡನ್ನೂ ತಾವೇ ಮಾಡಬೇಕು. ಮದ್ದೂರಿನಲ್ಲಿ ಎಲ್ಲರೂ ಇದನ್ನು ಅವರ ಜಂಬ ಎನ್ನುತ್ತಿದ್ದರು. ಹನ್ನೆರಡು ವರ್ಷ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಾನು ದುದ್ದದ ಕಡೆಯವನು. ಐಟಿಐ ಮುಗಿಸಿ, ಟರ್ನರ್ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅವರ ಅಂಗಡಿಗೆ ಹೋದ ದಿನ, ಲೇತಿನ ಭಾಗಗಳನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದ್ದೆ. ಎಡಗಡೆ ಹೆಡ್‌ಸ್ಟಾಕು, ಬಲಗಡೆ ಟೈಲ್‌ಸ್ಟಾಕು, ಎರಡನ್ನೂ ಹೊತ್ತ ಬೆಡ್ಡು, ಬೆಡ್ಡಿನ ಮೇಲೆ ಟೂಲು ಹಿಡಿದು ಓಡಾಡುವ ಕ್ಯಾರೇಜು, ಥ್ರೆಡ್ಡು ಹಾಕುವಾಗ ಆ ಕ್ಯಾರೇಜನ್ನು ಎಳೆಯುವ ಲೀಡ್ ಸ್ಕ್ರೂ. ಅವರು ಬೀಡಿ ಸೇದುತ್ತ ಎಲ್ಲ ಕೇಳಿ, "ಸರಿ ಕಣ್ಲಾ, ಇದ್ರಲ್ಲಿ ಸವೆದಿರೋದು ಯಾವ್ದು ಏಳು" ಎಂದರು. ನನ್ನ ಕೈ ಹಿಡಿದು ಬೆಡ್ಡಿನ ಮೇಲೆ ಎಳೆದರು. ಕಬ್ಬಿಣದ ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿನ ಹತ್ತಿರ, ದಿನಾ ಕ್ಯಾರೇಜು ಓಡಾಡುವ ಜಾಗದಲ್ಲಿ, ಕಣ್ಣಿಗೆ ಕಾಣದ ಒಂದು ತಗ್ಗು ಬೆರಳಿಗೆ ಸಿಕ್ಕಿತು. ಸರ್ಟಿಫಿಕೇಟನ್ನು ಅವರು ನೋಡಲೇ ಇಲ್ಲ.

ಥ್ರೆಡ್ಡಿನ, ಅಂದರೆ ಸ್ಕ್ರೂನ ಸುರುಳಿ ಗೆರೆಯ, ಲೆಕ್ಕ ಸುಲಭ. ಚಕ್ಕಿನಲ್ಲಿರುವ ತುಂಡು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಎಷ್ಟು ಸರಿಯಬೇಕು, ಅಷ್ಟೇ. ಅದನ್ನು ತೀರ್ಮಾನಿಸುವುದು ಹೆಡ್‌ಸ್ಟಾಕಿಗೂ ಲೀಡ್ ಸ್ಕ್ರೂಗೂ ನಡುವೆ ನಾವು ಜೋಡಿಸುವ ಗೇರುಗಳು. ನಮ್ಮದು ಹಳೇ ಕಾಲದ ಇಂಚಿನ ಲೇತು. ಅದರಲ್ಲಿ ಮಿಲಿಮೀಟರಿನ ಥ್ರೆಡ್ಡು ಹಾಕಬೇಕಾದರೆ ನೂರಿಪ್ಪತ್ತೇಳು ಹಲ್ಲಿನ ಗೇರೊಂದು ಬೇಕೇ ಬೇಕು. ಉಸ್ತಾದರು ಲೇತನ್ನು ಕೊಂಡಾಗಲೇ ಆ ಗೇರು ಇರಲಿಲ್ಲವಂತೆ. ಅದರ ಬದಲು ಅರವತ್ತಮೂರು ಹಲ್ಲಿನದನ್ನು ಹಾಕುತ್ತಿದ್ದರು. ಅರವತ್ತಮೂರರ ಎರಡರಷ್ಟು ನೂರಿಪ್ಪತ್ತಾರು. ಒಂದೇ ಒಂದು ಹಲ್ಲು ಕಡಿಮೆ.

ಗೋಡೆಯ ಮೇಲೆ ಹಸಿರು ಪೇಂಟಿನಲ್ಲಿ ಅವರೇ ಬರೆದ ಗೇರುಗಳ ಪಟ್ಟಿಯಿತ್ತು. ಆಯುಧಪೂಜೆಗೆ ಸುಣ್ಣ ಹೊಡೆಸುವಾಗಲೂ ಅದೊಂದು ಜಾಗ ಬಿಡಿಸುತ್ತಿದ್ದರು. ಸುತ್ತಿಗೆ ಆರು ಮಿಲಿಮೀಟರ್ ಸರಿಯುವ ಥ್ರೆಡ್ಡಿಗೆ ಮೇಲೆ ಅರವತ್ತು, ಕೆಳಗೆ ಅರವತ್ತಮೂರು ಎಂದು ಅದರಲ್ಲಿತ್ತು. ಸರಿಯಾದ ಲೆಕ್ಕದಲ್ಲಿ ಮೇಲೆ ನೂರಿಪ್ಪತ್ತು, ಕೆಳಗೆ ನೂರಿಪ್ಪತ್ತೇಳು ಇರಬೇಕು. ಸೇರಿದ ತಿಂಗಳಲ್ಲೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಮಾಡಿ, ನಿಮ್ಮದು ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ತಪ್ಪು ಎಂದು ತೋರಿಸಿದೆ. ಅವರು ಲೆಕ್ಕವನ್ನು ಪೂರ್ತಿ ನೋಡಿ, ಚಪ್ಪಲಿಯಲ್ಲಿ ಒರೆಸಿ, "ಟೀ ತಕ್ಕಬಾ ಓಗ್ಲಾ" ಎಂದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಗೇರನ್ನೇ ಆಗಲಿ, ಎಣಿಸದೆ ಲೇತಿಗೆ ಹಾಕುತ್ತಿರಲಿಲ್ಲ. ಹಲ್ಲಿನ ಸಂಖ್ಯೆ ಗೇರಿನ ಮೇಲೆಯೇ ಕೊರೆದಿರುತ್ತದೆ. ಆದರೂ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಕಣ್ಣು ಮುಚ್ಚಿ, ಹೆಬ್ಬೆರಳಿನಲ್ಲಿ ಒಂದೊಂದೇ ಹಲ್ಲು ಮುಟ್ಟುತ್ತ ಹೋಗಿ, ಸೀಮೆಸುಣ್ಣ ಬೆರಳಿಗೆ ತಾಗಿದಾಗ ನಿಲ್ಲಿಸುತ್ತಿದ್ದರು. ಯಾಕೆಂದು ಕೇಳಿದರೆ, "ನಂಬರು ಕೊರೆದೋನು ಎಣಿಸಿದ್ನೋ ಇಲ್ವೋ, ನಾನೇನು ಕಂಡಿದ್ನಾ" ಎನ್ನುತ್ತಿದ್ದರು.

ಕಳೆದ ವರ್ಷ ಆಲೆಮನೆಗಳು ಶುರುವಾಗುವ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕೈ ಬಂದರೂ ಬಂದೀತು ಎಂದರು ಮಂಡ್ಯದ ಡಾಕ್ಟರು. ನಾವೆಲ್ಲ ಆ 'ಬಂದೀತು' ಒಂದನ್ನೇ ಹಿಡಿದುಕೊಂಡು ಕೂತೆವು. ಅವರ ಹೆಂಡತಿ ಬಾಗಿಲವರೆಗೂ ಬಂದು ನನಗೆ ಹೇಳಿದರು: "ಅಂಗ್ಡಿ ಮುಚ್ಚಬ್ಯಾಡ ಮಗಾ. ಲೇತು ನಿಂತೋಯ್ತು ಅಂತ ಗೊತ್ತಾದ್ರೆ ಅವ್ರು ಎದ್ದೇಳಾಕಿಲ್ಲ."

"ನಾನಿವ್ನಿ ಬುಡಮ್ಮ. ಅವ್ರು ಬರೋಗಂಟ ಓಡುಸ್ತೀನಿ" ಎಂದೆ.

ಬರೀ ಓಡಿಸಿದ್ದರೆ ಸಾಕಿತ್ತು. ನನಗೆ ಉದ್ಧಾರ ಮಾಡುವ ಚಪಲ. ಉಸ್ತಾದರು ವಾಪಸ್ಸು ಬರುವಷ್ಟರಲ್ಲಿ ಅವರ ಲೇತಿನ ಹಳೇ ಕೊರತೆಯನ್ನು ನೀಗಿಸಿಬಿಡೋಣ ಎನಿಸಿತು. ಮಂಡ್ಯದಲ್ಲೆಲ್ಲ ಹುಡುಕಿ ಒಂದು ನೂರಿಪ್ಪತ್ತೇಳು ಹಲ್ಲಿನ ಗೇರು ತಂದೆ. ಗೋಡೆಯ ಪಟ್ಟಿಯ ಮೇಲೆ ಸುಣ್ಣ ಬಳಿದು ಸರಿಯಾದ ಪಟ್ಟಿ ಬರೆದೆ. ಅರವತ್ತಮೂರರ ಗೇರನ್ನು ಕಬ್ಬಿಣದ ಚೂರಿನ ಜೊತೆ ಗುಜರಿಯವನಿಗೆ ಹಾಕಿದೆ. ಅದೇ ದಿನ ಸಂಜೆ ಅವರ ಮನೆಗೆ ಹೋಗಿ ಇದನ್ನೆಲ್ಲ ಹೆಮ್ಮೆಯಿಂದ ಒದರಿದೆ.

ಅವರ ಬಾಯಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಎಡಗೈ ಎತ್ತಿ ಐದು ಬೆರಳು ತೋರಿಸಿದರು, ಮಡಿಸಿ ಒಂದು ತೋರಿಸಿದರು, ಸ್ವಲ್ಪ ತಡೆದು ಮೂರು ತೋರಿಸಿದರು. ದಿನಾ ಬೆರಳು ಎಣಿಸುವ ಅಭ್ಯಾಸ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ನಾನು ಕೂಡಿಸಿಕೊಂಡು, "ಒಂಬತ್ತು. ಭೇಷ್ ಉಸ್ತಾದ್, ನೆನ್ನೆ ಆರಕ್ಕೇ ನಿಂತೋಗಿತ್ತು" ಎಂದೆ. ಅವರು ಮತ್ತೆ ಅದನ್ನೇ ತೋರಿಸಿದರು. ನಾನು ಮತ್ತೆ ಭೇಷ್ ಎಂದೆ. ಆಮೇಲೆ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಸುಸ್ತಾಗಿದೆ ಎಂದು ಅವರ ಹೆಂಡತಿ ಹೊದಿಕೆ ಎಳೆದರು.

ಎರಡು ವಾರದ ಮೇಲೆ ಮಳವಳ್ಳಿ ಕಡೆಯ ಆಲೆಮನೆಯವರೊಬ್ಬರು ಬಂದರು. ಕಬ್ಬಿನ ಗಾಣದ ಉರುಳೆಯನ್ನು ಬಿಗಿ ಮಾಡುವ ಉದ್ದನೆಯ ಸ್ಕ್ರೂ ಅವರಿಗೆ ಉಸ್ತಾದರೇ ಮಾಡಿಕೊಟ್ಟಿದ್ದು. ಸ್ಕ್ರೂ ಚೆನ್ನಾಗಿಯೇ ಇದೆಯೆಂದು ಗಾಣದಲ್ಲೇ ಬಿಟ್ಟು, ಸವೆದ ನಟ್ಟು ಮಾತ್ರ ತಂದಿದ್ದರು. ಹೊಸ ಗೇರು ಹಾಕಿ, ಆರು ಮಿಲಿಮೀಟರಿಗೆ ಒಂದು ಕೂದಲೂ ಆಚೀಚೆ ಆಗದಂತೆ ನಟ್ಟು ಮಾಡಿಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಮಾಡಿಲ್ಲ.

ಮಾರನೆಯ ದಿನ ಅವರು ಸ್ಕ್ರೂ, ನಟ್ಟು ಎರಡನ್ನೂ ತಂದು ನೆಲಕ್ಕೆ ಕುಕ್ಕಿದರು. ನಟ್ಟು ನಾಲ್ಕು ಸುತ್ತು ಹೋಗಿ ಕಚ್ಚಿಕೊಂಡಿತ್ತು. ಹಳೇ ಸ್ಕ್ರೂ ಅಳೆದೆ. ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಹೆಚ್ಚು. ಅರವತ್ತಮೂರರ ತಪ್ಪು. ನಾನು ನೆಲದ ಮೇಲೆ ಬರೆದು ತೋರಿಸಿದ್ದ ಅದೇ ತಪ್ಪು.

ಆಗ ನನಗೆ ಅವರ ಹಟ ಅರ್ಥವಾಯಿತು. ಸ್ಕ್ರೂನಲ್ಲೂ ನಟ್ಟಿನಲ್ಲೂ ಒಂದೇ ತಪ್ಪು ಇದ್ದರೆ ಒಂದಕ್ಕೊಂದು ಬೆಣ್ಣೆಯಂತೆ ಕೂರುತ್ತವೆ. ಬೇರೆಯವರ ಸ್ಕ್ರೂ ಅವರು ಮುಟ್ಟದೇ ಇದ್ದದ್ದು ಜಂಬಕ್ಕಲ್ಲ, ತಮ್ಮ ನಟ್ಟು ಅದಕ್ಕೆ ಕೂರುವುದಿಲ್ಲವೆಂಬ ನಾಚಿಕೆಗೆ. ಈ ಸೀಮೆಯ ಗಾಣಗಳಲ್ಲಿರುವ ಅವರ ಸ್ಕ್ರೂಗಳಿಗೆಲ್ಲ ಆ ಒಂದು ಗೇರೇ ದಿಕ್ಕಾಗಿತ್ತು. ಅರವತ್ತಮೂರು ಎಲ್ಲಿ, ಅದನ್ನು ಬಿಸಾಡಬೇಡ ಎಂದು ಅವರು ಬೆರಳಿನಲ್ಲಿ ಎರಡು ಸಲ ಹೇಳಿದ್ದರು. ನಾನು ಆರನ್ನೂ ಮೂರನ್ನೂ ಕೂಡಿಸಿ ಬೆನ್ನು ತಟ್ಟಿ ಬಂದಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಕಡ್ದಿರೋ ಕಬ್ಬು ಒಣಗ್ತಾ ಕುಂತದೆ. ಉಸ್ತಾದ್ರು ಇದ್ದಿದ್ರೆ ಇಂಗಾಯ್ತಿತ್ತಾ" ಎಂದರು ಆಲೆಮನೆಯವರು. ಮಂಡ್ಯದ ಕಂಪ್ಯೂಟರ್ ಮಿಷನ್ನಿನ ಅಂಗಡಿಯಲ್ಲಿ ಹೊಸ ಜೋಡಿ ಮಾಡಿಸಿಕೊಂಡರು. ಸುದ್ದಿ ಆಲೆಮನೆಯಿಂದ ಆಲೆಮನೆಗೆ ಹೋಯಿತು. ಉಳಿದವರೂ ಅತ್ತಲೇ ಹೋದರು.

ಗುಜರಿಯವನ ಲೋಡು ಆಗಲೇ ಕರಗಿಸಲು ಹೋಗಿತ್ತು. ಮಂಡ್ಯದಲ್ಲಿ ಮಿಲ್ಲಿಂಗ್ ಮಿಷನ್ನು ಇಟ್ಟುಕೊಂಡಿದ್ದವರನ್ನು ಕಾಡಿ ಬೇಡಿ ಅರವತ್ತಮೂರು ಹಲ್ಲಿನ ಹೊಸ ಗೇರು ಮಾಡಿಸಿದೆ. ಚಕ್ರವನ್ನು ಇಂಥ ಸಂಖ್ಯೆಯ ಹಲ್ಲಿಗೆ ಸಮಪಾಲು ಮಾಡುವುದು ತಲೆನೋವು ಎಂದು ಅವರು ಮೂರು ತಿಂಗಳು ಸತಾಯಿಸಿದರು. ಅಷ್ಟರಲ್ಲಿ ಉಸ್ತಾದರಿಗೆ ಎರಡನೇ ಸಲ ಲಕ್ವ ಹೊಡೆಯಿತು.

ಗೇರು ಕೈಗೆ ಬಂದ ದಿನವೇ ಅದನ್ನು ಒರೆಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅವರ ಮನೆಗೆ ಒಯ್ದೆ. ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದರು. ಗೇರನ್ನು ಅವರ ತೊಡೆಯ ಮೇಲಿಟ್ಟು, "ಅರವತ್ಮೂರು ತಂದಿವ್ನಿ ಉಸ್ತಾದ್" ಎಂದೆ. ಅವರು ಕಣ್ಣು ಮುಚ್ಚಿದರು. ಎಡಗೈ ಹೆಬ್ಬೆರಳು ಹಲ್ಲಿನ ಮೇಲೆ ಬಂತು, ಸರಿಯಿತು, ಮುಂದಿನ ಹಲ್ಲು ಮುಟ್ಟಿತು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು, "ಎಣಿಸ್ತಾವ್ರೆ ನೋಡು ಮಗಾ" ಎಂದರು. ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಅರವತ್ತಮೂರಕ್ಕೆ ಸೀಮೆಸುಣ್ಣ ಬೆರಳಿಗೆ ತಾಗಿತು. ಬೆರಳು ನಿಲ್ಲಲಿಲ್ಲ. ಅದೇ ನಿಧಾನದಲ್ಲಿ ಇನ್ನೊಂದು ಸುತ್ತು ಹೋಯಿತು, ಮತ್ತೊಂದು ಸುತ್ತು ಶುರುವಾಯಿತು. ಸೀಮೆಸುಣ್ಣವೆಲ್ಲ ಅಳಿಸಿ ಹೆಬ್ಬೆರಳು ಬೆಳ್ಳಗಾಯಿತು. "ಎಷ್ಟು ಉಸ್ತಾದ್?" ಎಂದು ಕೇಳಿದೆ. ಕಣ್ಣು ಬಿಟ್ಟು ನನ್ನನ್ನು, ಗೊತ್ತಿಲ್ಲದ ಗಿರಾಕಿಯನ್ನು ನೋಡುವಂತೆ ನೋಡಿ, ಮತ್ತೆ ಎಣಿಸತೊಡಗಿದರು.

ಗೇರನ್ನು ಅಂಗಡಿಗೆ ತಂದು, ಹಳೆಯ ಅರವತ್ತಮೂರು ನೇತಾಡುತ್ತಿದ್ದ ಮೊಳೆಗೇ ತಗುಲಿಹಾಕಿದ್ದೇನೆ. ಅದನ್ನು ಕೇಳಿಕೊಂಡು ಬರುವ ಸ್ಕ್ರೂ ಇನ್ನು ಯಾವ ಗಾಣದಲ್ಲೂ ಉಳಿದಿಲ್ಲ. ಆದರೂ ದಿನಾ ಬಾಗಿಲು ತೆಗೆದು, ಚಕ್ಕಿನಲ್ಲಿ ಏನೂ ಕಟ್ಟದೆ, ಲೇತನ್ನು ಸ್ವಲ್ಪ ಹೊತ್ತು ಓಡಿಸುತ್ತೇನೆ. ಸಂಜೆ ಅವರ ಹೆಂಡತಿ ಫೋನು ಮಾಡಿ, "ಲೇತು ಓಡ್ತಾ ಮಗಾ?" ಎಂದು ಕೇಳುತ್ತಾರೆ. ಓಡ್ತು ಕಣಮ್ಮ ಎನ್ನುತ್ತೇನೆ.