ತೇವದಕ್ಕ ಮತ್ತು ಹಳೆಯ ಪುಸ್ತಕಗಳ ಕೋಣೆ

ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ತೇವದಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಪುಸ್ತಕಗಳ ಕೋಣೆಗೆ ಗಾಳಿಯ ತೇವ ಅಳೆಯುವ ಪುಟ್ಟ ಯಂತ್ರ ಬಂದು ನಾಲ್ಕು ತಿಂಗಳಾಗಿತ್ತು. ಬೆಳಗ್ಗೆ ಒಂಬತ್ತಕ್ಕೆ ಅದರ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದಿಡುವ ಕೆಲಸ, ಇಪ್ಪತ್ತಾರು ವರ್ಷ ಆ ಕೋಣೆ ಗುಡಿಸಿ ಒರೆಸಿದ ಅವಳ ಪಾಲಿಗೇ ಬಂದಿತ್ತು. "ನಮ್ಮತ್ತಿಗೆ ಮೊದಲು ಗ್ರಂಥಾಲಯದ ಗೋಡೆ ಕ್ಷೇಮ ವಿಚಾರಿಸ್ತಾಳೆ, ಅಣ್ಣನದು ಆಮೇಲೆ" ಎಂದು ನಾದಿನಿ ಕಿಚಾಯಿಸುತ್ತಿದ್ದಳು.

ನೂರಕ್ಕೆ ಐವತ್ತೈದರ ಆಸುಪಾಸಿನಲ್ಲಿರಬೇಕಾದ ಅಂಕಿ ದಿನವೂ ಅರವತ್ತೆಂಟು, ಎಪ್ಪತ್ತು. ಕೆಳಗಿನ ಸಾಲಿನ ಪುಸ್ತಕಗಳ ಬೆನ್ನಿಗೆ ವರ್ಷಗಳಿಂದ ಬೂಷ್ಟು ಹಿಡಿಯುತ್ತಿತ್ತು. ತಿಂಗಳೊಳಗೆ ಅಂಕಿ ಇಳಿಯದಿದ್ದರೆ ಪುಸ್ತಕಗಳನ್ನೆಲ್ಲ ಮೂಟೆ ಕಟ್ಟಿ ದೂರದ ಉಗ್ರಾಣಕ್ಕೆ ಸಾಗಿಸುವುದಾಗಿ ಮೇಲಿನವರು ಬರೆದಿದ್ದರು. ಅಲ್ಲಿಗೆ ಹೋದದ್ದು ಓದುವವರ ಕೈಗೆ ಮರಳಿದ ನೆನಪು ಯಾರಿಗೂ ಇರಲಿಲ್ಲ.

ತೇವದಕ್ಕ ಚಾವಣಿ ನೋಡಿದಳು, ಗೋಡೆಗೆ ಕೆನ್ನೆಯೊತ್ತಿ ನೋಡಿದಳು, ಕೊಳಾಯಿಯವನನ್ನೂ ಕರೆಸಿದಳು. ಎಲ್ಲವೂ ಒಣ. ಬೂಷ್ಟಿನ ವಾಸನೆ ತಡೆಯಲಾರದೆ, ಒಂದು ಬಕೆಟ್ ನೀರಿನ ಬದಲು ಎರಡರಲ್ಲಿ ನೆಲ ಒರೆಸತೊಡಗಿದಳು.

ಒಂದು ರಜೆಯ ದಿನ ಮನೆಯಲ್ಲಿ ಕೂತಿರಲಾಗದೆ ಬೀಗದ ಕೈ ಹಿಡಿದು ಬಂದಳು. ಯಾರೂ ಇಲ್ಲದಾಗ ಯಂತ್ರ ಏನು ತೋರಿಸೀತು ಎಂಬ ಕುತೂಹಲ. ಐವತ್ತಾರು. ಯಂತ್ರ ಕೆಟ್ಟಿತೇನೋ ಎಂದು ತಟ್ಟಿದಳು, ಐವತ್ತಾರೇ. ಮರುದಿನವೂ ಅದೇ ಬಿಸಿಲು, ಅದೇ ಮುಚ್ಚಿದ ಕಿಟಕಿ. ಅಂಕಿ ಮಾತ್ರ ಎಪ್ಪತ್ತು. ನಿನ್ನೆ ಇಲ್ಲದ್ದು ಇವತ್ತು ಏನಿದೆ ಎಂದು ಸುತ್ತ ಕಣ್ಣಾಡಿಸಿದಳು. ಆಗಷ್ಟೇ ಒರೆಸಿದ ನೆಲ ಕಾಲಡಿಯಲ್ಲಿ ಹೊಳೆಯುತ್ತಿತ್ತು.

ಆಮೇಲೆ ಮೂರು ದಿನ ಬರೀ ಪೊರಕೆ. ಐವತ್ತೇಳು, ಐವತ್ತಾರು, ಐವತ್ತಾರು.

ಎಲ್ಲವನ್ನೂ ಗ್ರಂಥಪಾಲಕರಿಗೆ ಹೇಳಿದಳು. ಅವರು, ಅಂಕಿ ಇಳಿಯಿತೆಂದಷ್ಟೇ ಬರೆಯೋಣ, ಕಾರಣ ಹೇಳಿದರೆ ಬೂಷ್ಟನ್ನೆಲ್ಲ ನಿಮ್ಮ ತಲೆಗೇ ಕಟ್ಟುತ್ತಾರೆ ಎಂದರು.

"ಕಟ್ಲಿ ಬಿಡಿ ಸರ್" ಎಂದಳು ತೇವದಕ್ಕ. "ನಾನು ಬರೀದಿದ್ರೆ, ನನ್ನ ನಂತರ ಬರೋಳೂ ಇಷ್ಟೇ ಚೊಕ್ಕವಾಗಿ ಒರೆಸ್ತಾಳೆ."

ರಿಜಿಸ್ಟರ್ ಎಳೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದಳು: ತೇವಕ್ಕೆ ಕಾರಣ ನೆಲ ಒರೆಸಿದ ನೀರು. ಒರೆಸಿದವಳು ನಾನು. ಗ್ರಂಥಪಾಲಕರು ಕನ್ನಡಕ ಸರಿಪಡಿಸಿಕೊಂಡು ಅದರಡಿಗೆ ಇನ್ನೊಂದು ಸಾಲು ಸೇರಿಸಿದರು: ದಿನವೂ ನೋಡಿ ನೆಲ ಚೆನ್ನಾಗಿದೆ ಎಂದವನು ನಾನು.

ಪುಸ್ತಕಗಳು ಅಲ್ಲೇ ಇರಲಿ ಎಂದು ಉತ್ತರ ಬಂತು. ಜೊತೆಗೆ ಇಬ್ಬರಿಗೂ ಒಂದೊಂದು ಎಚ್ಚರಿಕೆಯ ಪತ್ರ.